ಬಿಳಿ ಸೊಸೆಯ ಇಂಗ್ಲಿಷ್

ಬೆಟಗೇರಿಯ ಒಂದು ಶಾಲೆಯಲ್ಲಿ ಈಗ ಮಕ್ಕಳು ಬೆಳಿಗ್ಗೆ ಎದ್ದು ನಿಂತು 'ಗುಟ್ ಮಾರ್ನಿಂಕ್ ಮಿಸ್' ಅನ್ನುತ್ತಾರೆ. ಬಾಯಿ ತಪ್ಪಿ ಅನ್ನುವುದಲ್ಲ, ಕಲಿತು ಅನ್ನುತ್ತಾರೆ. ಯಾರಾದರೂ 'ಗುಡ್ ಮಾರ್ನಿಂಗ್' ಅಂದರೆ ಪಕ್ಕದವರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ನಾನು ಅದೇ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ಈ ಉಚ್ಚಾರ ಎಲ್ಲಿಂದ ಬಂತು, ಯಾರ ಬಾಯಿಂದ ಬಂತು ಅಂತ ಹೇಳದೆ ನನಗೆ ಸಮಾಧಾನವಿಲ್ಲ. ಹೇಳಿದ ಮೇಲೂ ಇರಲಿಕ್ಕಿಲ್ಲ, ಆ ಮಾತು ಬೇರೆ.

ನಾನು ಮುಂಡರಗಿಯವಳು, ಕನ್ನಡ ಶಾಲೆಯಲ್ಲಿ ಓದಿದವಳು. ನಮ್ಮ ಮನೆಯಲ್ಲಿ ಇಂಗ್ಲಿಷ್ ಅಂದರೆ ಔಷಧಿ ಬಾಟಲಿಯ ಮೇಲಿನ ಅಕ್ಷರ, ಅಷ್ಟೇ. ಹೈಸ್ಕೂಲಿನ ಕಪಾಟಿನಲ್ಲಿ ರಟ್ಟು ಕಿತ್ತುಹೋದ ಒಂದು ಡಿಕ್ಷನರಿ ಇತ್ತು. ಅದನ್ನು ಕಾಡಿ ಬೇಡಿ ಮನೆಗೆ ತಂದು, ಒಲೆಯ ಪಕ್ಕದ ಗೋಡೆಗೆ ಆನಿಸಿಟ್ಟು, ರೊಟ್ಟಿ ಬಡಿಯುತ್ತ ಶಬ್ದ ಬಾಯಿಪಾಠ ಮಾಡುತ್ತಿದ್ದೆ. ಒಂದು ರೊಟ್ಟಿಗೆ ಒಂದು ಶಬ್ದ. 'ರಿಲಕ್ಟಂಟ್, ರಿಲಕ್ಟಂಟ್' ಅನ್ನುತ್ತ ಬಡಿದರೆ ರೊಟ್ಟಿ ದುಂಡಗೆ ಬರುತ್ತಿತ್ತು. ತೀರಾ ಉದ್ದದ ಶಬ್ದ ಬಂದರೆ ಕೈ ತಾಳ ತಪ್ಪಿ ಅಂಚು ಹರಿಯುತ್ತಿತ್ತು. "ಹಿಟ್ಟಿಗೆ ಏನ ಮಂತ್ರಾ ಹೇಳಾಕತ್ತೀಯ? ಜಲ್ದಿ ಬಡಿ" ಅಂತ ಅವ್ವ ಬೈಯುತ್ತಿದ್ದಳು. ಹಾಗೆ ಹಿಟ್ಟು ಮೆತ್ತಿದ ಇಂಗ್ಲಿಷಿನಲ್ಲೇ ಎಂ.ಎ. ಮುಗಿಸಿದೆ. ಶಿರಹಟ್ಟಿಯಲ್ಲಿ ಕೆಲವು ವರ್ಷ ಗುತ್ತಿಗೆಯ ಮೇಲೆ ಕಲಿಸಿ, ಆಮೇಲೆ ಬೆಟಗೇರಿಯ ಈ ಖಾಸಗಿ ಶಾಲೆಗೆ ಬಂದೆ. ಇಲ್ಲೇ ಬಾಡಿಗೆ ಮನೆ ಮಾಡಿದೆ. ಮದುವೆ ಆಗಲಿಲ್ಲ. ಅದು ಈ ಕಥೆಯ ಭಾಗವಲ್ಲ, ಆದರೆ ನಮ್ಮ ಕಡೆ ಮದುವೆಯಾಗದ ಹೆಂಗಸಿಗೆ ಕುರ್ಚಿ ಒಂದಾದರೂ ಗಟ್ಟಿಯಾಗಿರಬೇಕು. ಇಲ್ಲದಿದ್ದರೆ ಎಲ್ಲರ ಮನೆಯ ಕಾರ್ಯಕ್ಕೂ ಅವಳೇ ಕೆಲಸದವಳು.

ನನಗೆ ಬೇಕಿದ್ದ ಕುರ್ಚಿ ಯಾವುದು ಅಂತ ಇಡೀ ಶಾಲೆಗೆ ಗೊತ್ತಿತ್ತು. ಶಾಲೆ ಏಳನೆಯ ತರಗತಿಯವರೆಗೆ ಮಾತ್ರ ಇತ್ತು. ಮಾಲೀಕರು ಹೈಸ್ಕೂಲು ತೆರೆಯುವ ತಯಾರಿಯಲ್ಲಿದ್ದರು. ಅವರು ಲಕ್ಷ್ಮೇಶ್ವರದವರು, ಹತ್ತಿ ಮತ್ತು ಶೇಂಗಾ ವ್ಯಾಪಾರದ ಹಳೆಯ ಮನೆತನ. ಎಲ್ಲರೂ ಸಾವ್ಕಾರ್ರು ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಪ್ರತಿ ವರ್ಷ ಸ್ಟಾಫ್ ಮೀಟಿಂಗಿನಲ್ಲಿ ಎಲ್ಲರ ಮುಂದೆ ಅವರು ನನ್ನ ಕಡೆ ಕೈ ತೋರಿಸಿ, "ಹೈಸ್ಕೂಲ್ ಸುರು ಆತಂದ್ರ ಹೆಡ್ ಮಿಸ್ ಇವರs ನೋಡ್ರಿ. ಇವರಷ್ಟು ಇಂಗ್ಲಿಷ್ ಇಡೀ ಗದಗಿನ್ಯಾಗ ಯಾರಿಗೆ ಬರತೈತಿ?" ಅನ್ನುತ್ತಿದ್ದರು. ನಾನು ತಲೆ ತಗ್ಗಿಸಿ ನಕ್ಕು, ಮನೆಗೆ ಬಂದು ಕನ್ನಡಿಯ ಮುಂದೆ ತಲೆ ಎತ್ತಿ ನಗುತ್ತಿದ್ದೆ.

ಅಷ್ಟರಲ್ಲಿ ಸಾವ್ಕಾರ್ರ ಮಗ ರಷ್ಯಾದಿಂದ ಬಂದ. ಡಾಕ್ಟರಿ ಕಲಿಯಲು ಹೋದವನು ಡಿಗ್ರಿಯ ಜೊತೆ ಹೆಂಡತಿಯನ್ನೂ ತಂದಿದ್ದ. ಹೊರಗೆ ಕಲಿತವರು ಇಲ್ಲಿ ಬರೆಯಬೇಕಾದ ಪರೀಕ್ಷೆ ಅವನಿಗೆ ದಕ್ಕಲಿಲ್ಲ, ಅಪ್ಪನ ಅಂಗಡಿಯಲ್ಲಿ ಕುಳಿತ. ಆದರೆ ಊರಿನ ಕಣ್ಣು ಅವನ ಮೇಲೆಲ್ಲಿತ್ತು? ಲಕ್ಷ್ಮೇಶ್ವರದಿಂದ ಗದಗಿನವರೆಗೆ ಎಲ್ಲರ ಬಾಯಲ್ಲೂ ಬಿಳಿ ಸೊಸಿ, ಬಿಳಿ ಸೊಸಿ. ಇಳಕಲ್ ಸೀರೆ ಉಟ್ಟು ಅತ್ತೆಯ ಹಿಂದೆ ಮದುವೆಗೆ ಬಂದರೆ ಊಟ ಬಿಟ್ಟು ನೋಡುವವರು. ಒಬ್ಬರ ಹಿಂದೆ ಒಬ್ಬರು ಬಂದು "ಹೌ ಆರ್ ಯೂ ಮ್ಯಾಡಮ್" ಅಂತ ತಮಗೆ ಬರುವ ಇಂಗ್ಲಿಷ್ ಎಲ್ಲ ಅವಳ ಮುಂದೆ ಸುರಿದು ಹೋಗುತ್ತಿದ್ದರು. ಅವಳು ನಕ್ಕು ಕೈ ಮುಗಿಯುತ್ತಿದ್ದಳು.

ಆ ನಗುವಿನ ಗುಟ್ಟು ಒಂದು ಮದುವೆಯಲ್ಲಿ ಸಾವ್ಕಾರ್ರಿಗೆ ತಿಳಿಯಿತು. ಹೊರಗಿನಿಂದ ಬಂದ ಒಬ್ಬ ಬ್ಯಾಂಕ್ ಅಧಿಕಾರಿ ಅವಳ ಪಕ್ಕ ಕುಳಿತು ಪಟಪಟ ಇಂಗ್ಲಿಷಿನಲ್ಲಿ ಏನೋ ಕೇಳಿದರಂತೆ. ಅವಳು ಅವರ ಮುಖ ನೋಡಿ, "ಐ ನಾಟ್ ನೋ" ಅಂದಳಂತೆ. ಮಾರನೆಯ ದಿನವೇ ಸಾವ್ಕಾರ್ರು ನನ್ನನ್ನು ಕರೆಸಿದರು.

"ಬಾಗ್ಲಾ ಮುಂದ ಮಾಡಿ ಬರ್ರಿ ಮಿಸ್ಸ. ಕುಂಡ್ರಿ" ಅಂದರು. ಆಮೇಲೆ ಮನೆಯಲ್ಲಿ ಯಾರಿಗೋ ದೊಡ್ಡ ರೋಗ ಬಂದವರ ದನಿಯಲ್ಲಿ, "ನಮ್ಮ ಸೊಸಿಗೆ ಇಂಗ್ಲಿಷ್ ಬರೂದಿಲ್ಲ" ಅಂದರು.

"ರಷ್ಯಾದಾಗ ರಷ್ಯನ್ ಮಾತಾಡತಾರ್ರಿ ಸಾವ್ಕಾರ್ರ. ಅವರ ಭಾಷಾ ಬ್ಯಾರೆ" ಅಂದೆ.

"ಅದು ನಿಮಗ ಗೊತ್ತು. ಮಂದಿಗೆ ಗೊತ್ತೈತೇನು? ಬಿಳಿ ಮಂದಿಗೆ ಇಂಗ್ಲಿಷ್ ಬರೂದಿಲ್ಲಂದ್ರ ಯಾರ ನಂಬತಾರ? ಅಷ್ಟ ದೂರ ಹೋಗಿ ನಮ್ಮಂವ ಸಾಲಿ ಬಿಟ್ಟಾಕೀನ್ನ ತಂದಾನ ಅಂತಾರ. ನೀವು ಕಲಿಸ್ರಿ. ಸಣ್ಣ ಸಣ್ಣ ಶಬ್ದ ಆಕಿಗೆ ಬರತಾವು. ದೊಡ್ಡ ದೊಡ್ಡ ಶಬ್ದ ಕಲಿಸ್ರಿ. ಕೇಳಿದಾಂವ ಬಾಯಿ ತಕ್ಕೊಂಡ ನಿಲ್ಲಬೇಕು."

ನಾನು ಒಪ್ಪಿದೆ. ಕುರ್ಚಿ ಕೊಡುವವರು ಕೇಳಿದಾಗ ಯಾರು ಒಲ್ಲೆ ಅನ್ನುತ್ತಾರೆ? ಪ್ರತಿ ರವಿವಾರ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಮೊದಲ ದಿನ ನಾನು ಸಾಲಂಕೃತ ಇಂಗ್ಲಿಷಿನ ವಾಕ್ಯವೊಂದನ್ನು ಬಸ್ಸಿನಲ್ಲೇ ಜೋಡಿಸಿಕೊಂಡು ಹೋಗಿದ್ದೆ. ಅವಳು ಬಾಗಿಲಲ್ಲಿ ನಿಂತು, "ಬರ್ರಿ ಅಕ್ಕಾ, ಬಿಸಲಾಗ ಬಂದೀರಿ. ಮಜ್ಜಿಗಿ ಕೊಡ್ಲೋ, ಚಾ ಮಾಡ್ಲೋ?" ಅಂದಳು. ಜೋಡಿಸಿಟ್ಟ ವಾಕ್ಯ ಬಿಟ್ಟು ನಾನು ಮಜ್ಜಿಗೆ ಅಂದೆ.

ಕನ್ನಡವನ್ನು ಅವಳು ಕಲಿತದ್ದು ಅತ್ತೆಯಿಂದ. ಅತ್ತೆ ಬೆಳ್ಳಟ್ಟಿಯ ಹೆಣ್ಣುಮಗಳು, ಬೇರೆ ಯಾವ ಭಾಷೆಯೂ ಬಾರದು, ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರದು. ದಿನವೆಲ್ಲ ಅಡುಗೆಮನೆಯಲ್ಲಿ ಅವಳ ಜೊತೆ ಕುಳಿತವರು ಯಾವ ದೇಶದವರಾದರೂ ಕನ್ನಡ ಕಲಿಯಲೇಬೇಕು. ಹೀಗಾಗಿ ನಮ್ಮ ಪಾಠ ನಡೆದದ್ದು ವಿಚಿತ್ರ ದಾರಿಯಲ್ಲಿ. ಇಂಗ್ಲಿಷ್ ಶಬ್ದವನ್ನು ನಾನು ಕನ್ನಡದಲ್ಲಿ ಬಿಡಿಸಿ ಹೇಳುವುದು, ಅವಳು ಅದನ್ನು ಬಾಯೊಳಗೆ ರಷ್ಯನ್ನಿಗೆ ತಿರುವಿ ನೋಡುವುದು, ಸರಿ ಹೊಂದಿದರೆ ತಲೆ ಆಡಿಸುವುದು. ಹೊಂದದಿದ್ದರೆ ಮತ್ತೆ ಕನ್ನಡಕ್ಕೆ ಬಂದು ಜಗಳ ಮಾಡುವುದು.

'ರಿಲಕ್ಟಂಟ್' ಹೇಳಿಕೊಡಲು ನನಗೆ ಕಷ್ಟವಾಗಲಿಲ್ಲ. ಪಂಕ್ತಿಯಲ್ಲಿ ಇನ್ನೊಂದು ಹೋಳಿಗೆ ಬಡಿಸಲು ಬಂದಾಗ ಬೇಕಿದ್ದರೂ ಬೇಡವೆಂಬಂತೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾರಲ್ಲ, ಆ ಕೈಯಲ್ಲ, ನಿಜವಾಗಿ ಹೊಟ್ಟೆ ತುಂಬಿದವನು ಹಿಡಿಯುವ ಕೈ ಅಂದೆ. ಅವಳು ನಕ್ಕು, "ತಿಳೀತು. ಅತ್ತಿ ಖರೆ ಕೈ ಯಾವುದು, ಸುಳ್ಳು ಕೈ ಯಾವುದು ನೋಡೂದs ಇಲ್ಲ, ಹಾಕೇ ಬಿಡತಾರ" ಅಂದಳು.

ದೊಡ್ಡ ಶಬ್ದಗಳು ಅವಳಿಗೆ ಕಷ್ಟವಾಗುತ್ತವೆ ಅಂತ ನಾನು ತಿಳಿದಿದ್ದೆ. ಹಾಗಲ್ಲ. 'ಡೆಮಾನ್‌ಸ್ಟ್ರೇಷನ್', 'ಕಾಂಪ್ರೊಮೈಸ್' ಇಂಥವು ರಷ್ಯನ್ನಿನಲ್ಲೂ ಇವೆಯಂತೆ, ಕೇಳುತ್ತಲೇ ಹಿಡಿಯುತ್ತಿದ್ದಳು. ಆದರೆ ಹಾಗೆ ಪರಿಚಯದ ಮುಖ ಹೊತ್ತು ಬಂದವುಗಳೇ ಅವಳನ್ನು ಕೆಡವುತ್ತಿದ್ದವು. ಅತ್ತೆ ಸಾರಿಸಿದ ಅಂಗಳ ತೋರಿಸಿ 'ವೆರಿ ಆ್ಯಕ್ಯುರೇಟ್' ಅನ್ನುತ್ತಿದ್ದಳು, ಅವರಲ್ಲಿ ಅದು ಚೊಕ್ಕಟ ಅನ್ನುವ ಮಾತು. ಹಿತ್ತಲಿನ ಆಕಳ ಕರು ಅವಳಿಗೆ 'ಸಿಂಪಥೆಟಿಕ್', ಅಂದರೆ ಮುದ್ದಾಗಿದೆ ಅಂತ. ತನ್ನ ತಾಯಿ ಜೀವಮಾನವೆಲ್ಲ 'ಫ್ಯಾಬ್ರಿಕ್'ನಲ್ಲಿ ದುಡಿದಳು ಅಂದಾಗ ನಾನು ನಮ್ಮ ಬೆಟಗೇರಿಯ ಹಾಗೆ ಮಗ್ಗ ಅಂದುಕೊಂಡು ಪ್ರೀತಿಯಿಂದ ಸೀರೆಯ ಮಾತು ತೆಗೆದೆ. ತಾಯಿ ದುಡಿದದ್ದು ಬಿಸ್ಕಿಟಿನ ಕಾರ್ಖಾನೆಯಲ್ಲಂತೆ. ಇಬ್ಬರೂ ನಕ್ಕು ನಕ್ಕು ಸುಸ್ತಾದೆವು. ಆ ನಗುವನ್ನು ಈಗಲೂ ನಾನು ಸುಳ್ಳು ಅನ್ನಲಾರೆ.

ಅವಳು ಕಣ್ಣೀರು ಹಾಕುತ್ತಿದ್ದದ್ದು ಸಣ್ಣ ಸಣ್ಣ ಶಬ್ದ ಸೇರಿ ದೊಡ್ಡ ಅರ್ಥ ಮಾಡುವಲ್ಲಿ. 'ಪುಟ್ ಅಪ್ ವಿತ್' ಬಂದ ದಿನ ಪುಸ್ತಕ ಮುಚ್ಚಿ ಎದ್ದೇ ಬಿಟ್ಟಳು. "ಪುಟ್ ಗೊತ್ತು, ಅಪ್ ಗೊತ್ತು, ವಿತ್ ಗೊತ್ತು. ಮೂರೂ ಕೂಡಿದ್ರ ನಂಗೇನೂ ಗೊತ್ತಿಲ್ಲ" ಅಂದಳು. ನಿಜ ಹೇಳಬೇಕೆಂದರೆ ರೊಟ್ಟಿ ಬಡಿಯುತ್ತ ಕಲಿತ ನನಗೂ ಇವು ತಡವಾಗಿಯೇ ದಕ್ಕಿದವು. ನಾನು ಯೋಚಿಸಿ, "ಬ್ಯಾಡಾದದ್ದನ್ನ ತಾಳ್ಕೊಂಡು ಇರೂದು" ಅಂದೆ.

ಅವಳ ಮುಖ ಅರಳಿತು. "ಹೊಂದ್ಕೊಂಡ ಹೋಗೂದು! ಅತ್ತಿ ದಿನಾ ಹೇಳತಾರ. ಖಾರ ಹೆಚ್ಚಾತಂದ್ರ, ಹೊಂದ್ಕೊಂಡ ಹೋಗ್ಬೇಕವ್ವಾ. ಹೊರಗ ಒಬ್ಬಾಕೀನs ಹೋಗ್ತೀನಿ ಅಂದ್ರ, ಹೊಂದ್ಕೊಂಡ ಹೋಗ್ಬೇಕವ್ವಾ."

"ಎರಡೂ ಒಂದs ಅಲ್ಲ" ಅಂದೆ. "ನಿಮ್ಮ ಅತ್ತಿ ಮಾತಿನ್ಯಾಗ ಸಿಟ್ಟು ಇರೂದಿಲ್ಲ, ಇರಬಾರದು. ಇಂಗ್ಲಿಷಿನ್ಯಾಗ ಸಿಟ್ಟು ಒಳಗ ಕುಂತಿರತೈತಿ."

"ಹಂಗಾರ ನಂದು ಇಂಗ್ಲಿಷಿಂದು" ಅಂದಳು. ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ಅತ್ತೆ ತನ್ನನ್ನು ಹೊಗಳಿದೆವು ಅಂತ ತಿಳಿದು ನಮ್ಮಿಬ್ಬರನ್ನೂ ನೋಡಿ ನಕ್ಕಳು.

ಇನ್ನೊಂದು ದಿನ ಅವಳೇ ಒಂದು ಶಬ್ದ ತಂದಳು. 'ಅಬೀದ.' ಅದಕ್ಕೆ ಇಂಗ್ಲಿಷಿನಲ್ಲಿ ಏನು ಅಂತ ಕೇಳಿದಳು. ನಮ್ಮವರು ಅಂತ ನಂಬಿದವರು ನಮ್ಮನ್ನು ಕಡೆಗಣಿಸಿದಾಗ ಒಳಗೆ ಆಗುತ್ತದಲ್ಲ, ಅದು ಅಂತ ಬಿಡಿಸಿದಳು. ಹೊರಗಿನವರು ಮಾಡಿದರೆ ಅದಲ್ಲ. ನಾನು ನನಗೆ ಗೊತ್ತಿದ್ದ ಇಂಗ್ಲಿಷನ್ನೆಲ್ಲ ಜಾಲಾಡಿದೆ. 'ರಿಸೆಂಟ್‌ಮೆಂಟ್' ಅಂದೆ, ಅದರಲ್ಲಿ ಅಳು ಇಲ್ಲ ಅಂದಳು. 'ಹರ್ಟ್' ಅಂದೆ, ಅದರಲ್ಲಿ ಸಿಟ್ಟು ಇಲ್ಲ ಅಂದಳು. ಕೊನೆಗೆ ನಾನು ಸೋತು, "ನಮ್ಮ ಕಡೆ ಮನಸಿಗೆ ಹತ್ತೂದು ಅಂತಾರ" ಅಂದೆ. ಅವಳು ಅದನ್ನು ಬಾಯೊಳಗೆ ತಿರುವಿ ನೋಡಿ, "ಅದs ಅಕ್ಕಾ, ಅದs" ಅಂತ ನನ್ನ ಕೈ ಹಿಡಿದಳು. ಇಂಗ್ಲಿಷ್ ಪಾಠದಲ್ಲಿ ನಾವಿಬ್ಬರೂ ಅಷ್ಟು ಹತ್ತಿರ ಬಂದದ್ದು ಇಂಗ್ಲಿಷಿಗೆ ಸಿಗದ ಒಂದು ಮಾತಿನಲ್ಲಿ.

ಆ ವರ್ಷದ ದಸರಾ ಬಂತು. ನಮ್ಮ ಕಡೆ ಅವತ್ತು ಸಂಜೆ ಬನ್ನಿ ಎಲೆ ಕೊಡುತ್ತೇವೆ. ಎಲೆ ಅನ್ನುವುದಿಲ್ಲ, ಬಂಗಾರ ಅನ್ನುತ್ತೇವೆ. ಕಿರಿಯರು ಹಿರಿಯರ ಕೈಗೆ ಕೊಟ್ಟು ಕಾಲಿಗೆ ಬೀಳಬೇಕು. ವರ್ಷದಲ್ಲಿ ಆದ ಜಗಳ, ಮುನಿಸು ಎಲ್ಲ ಅಲ್ಲಿಗೆ ಮುಗಿಯಬೇಕು. ಬನ್ನಿ ಕೊಟ್ಟರೆ ಹಗೆಯವನೂ ಒಲ್ಲೆ ಅನ್ನುವಂತಿಲ್ಲ. ಅವಳು ಗಂಡನಿಂದ ಕಾರು ತೆಗೆಸಿ, ಅಷ್ಟು ದೂರದ ಬೆಟಗೇರಿಯ ನನ್ನ ಬಾಡಿಗೆ ಮನೆಗೆ ಬಂದಳು. ತಲೆಯ ಮೇಲೆ ಸೆರಗು ಹೊದ್ದು, ಎಲೆಗಳನ್ನು ಎರಡೂ ಕೈಯಲ್ಲಿ ಹಿಡಿದು, "ಬನ್ನಿ ತೊಗೊಂಡು ಬಂಗಾರದಂಗ ಇರೂಣ್ರಿ ಅಕ್ಕಾ" ಅಂದು ನನ್ನ ಕಾಲು ಮುಟ್ಟಿದಳು. ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಬಿಳಿ ಸೊಸಿ ಯಾರ ಕಾಲಿಗೆ ಬಿದ್ದಳು ಅನ್ನುವುದು ಓಣಿಗೆಲ್ಲ ಖಬರಾಯಿತು. ನಾನು ಬಹಳ ದಿನ ಆ ಎಲೆಗಳನ್ನು ಎಸೆಯಲಿಲ್ಲ.

ಬೇಸಿಗೆ ಹೊತ್ತಿಗೆ ಹೈಸ್ಕೂಲಿಗೆ ಅನುಮತಿ ಬಂತು. ನಾನು ಪೆಟ್ಟಿಗೆಯಲ್ಲಿದ್ದ ಒಂದು ಒಳ್ಳೆಯ ಸೀರೆಗೆ ಫಾಲ್ ಹಚ್ಚಿಸಿದೆ. ಅಣ್ಣ ಮುಂಡರಗಿಯಿಂದ ಫೋನ್ ಮಾಡಿ, ಹಾಗಾದರೆ ತನ್ನ ಮಗಳನ್ನೂ ನಿನ್ನ ಹತ್ತಿರ ಬಿಡುತ್ತೇನೆ, ಹೆಡ್ ಮಿಸ್ಸಿನ ಕೈಯಲ್ಲಿ ಎಂಟನೆಯ ತರಗತಿ ಓದಲಿ ಅಂದ. ಒಂದು ಮಧ್ಯಾಹ್ನ ಶಾಲೆಯ ಮುಂದೆ ಇಬ್ಬರು ಏಣಿ ಹಾಕಿ ಫ್ಲೆಕ್ಸು ಕಟ್ಟುತ್ತಿದ್ದರು. ಅದು ಪೂರ್ತಿ ಬಿಚ್ಚಿಕೊಂಡಾಗ ಅದರಲ್ಲಿ ಅವಳ ಮುಖ ಇತ್ತು. ಇಳಕಲ್ ಸೀರೆ ಇರಲಿಲ್ಲ. ಬಿಳಿ ಅಂಗಿ, ಕರಿ ಕೋಟು. ಕೆಳಗೆ ದಪ್ಪ ಅಕ್ಷರದಲ್ಲಿ, 'ನಮ್ಮ ಹೈಸ್ಕೂಲಿನ ಮುಖ್ಯಸ್ಥರು, ವಿದೇಶಿ ಇಂಗ್ಲಿಷ್ ಶಿಕ್ಷಕಿ'.

ನಾನು ನೆಟ್ಟಗೆ ಸಾವ್ಕಾರ್ರ ರೂಮಿಗೆ ಹೋದೆ. ಅವತ್ತು ಅವರು ಕುಂಡ್ರಿ ಅನ್ನಲಿಲ್ಲ.

"ಮಿಸ್ಸ, ನಿಮಗ ಹೇಳಬೇಕಂತನs ಇದ್ದೆ" ಅಂದರು. "ಫ್ಲೆಕ್ಸ್ ಕಟ್ಟೂದ್ರಾಗ ಮಲ್ಲಸಮುದ್ರದಿಂದ ಒಂದ ಗಾಡಿ ಹುಡುಗೂರು ಬಂದು ಹೆಸರು ಹಚ್ಚಿ ಹೋದ್ರು. ನಿಮ್ಮ ಫೋಟೋ ಹಾಕಿದ್ರ ಯಾರ ಬರತಿದ್ರು ಹೇಳ್ರಿ? ತಪ್ಪ ತಿಳ್ಕೋಬ್ಯಾಡ್ರಿ."

"ಆಕಿಗೆ ಇಂಗ್ಲಿಷ್ ಕಲಿಸಿದಾಕಿ ನಾನ್ರಿ, ಸಾವ್ಕಾರ್ರ."

"ಅದಕ್ಕs ನೀವು ಇಲ್ಲಿ ಇರಬೇಕು! ಆಕಿ ಕುರ್ಚಿ ಮ್ಯಾಲ ಕುಂಡ್ರತಾಳ, ನೀವು ಕೆಲಸ ನೋಡ್ಕೋರಿ. ಆಕಿ ಕ್ಲಾಸಿನ್ಯಾಗ ನೀವೂ ಹಿಂದ ಕುಂಡ್ರಿ. ನಿಮ್ಮ ಉಚ್ಚಾರಾನೂ ಸುಧಾರಸ್ತೈತಿ."

ಉಚ್ಚಾರ! ಹತ್ತು ಸಲ ಹೇಳಿಕೊಟ್ಟರೂ 'ದಿಸ್' ಅನ್ನಲು ಬಾರದೆ 'ಜಿಸ್' ಅನ್ನುವವಳಿಂದ ನಾನು ಉಚ್ಚಾರ ಕಲಿಯಬೇಕು. ನನ್ನ ಮೈ ಉರಿದುಹೋಯಿತು. ನಮ್ಮಂಥವರಿಗೆ ಸಿಟ್ಟು ಬಂದಾಗ ಇಂಗ್ಲಿಷೂ ಇಲ್ಲ, ಕನ್ನಡವೂ ಇಲ್ಲ.

ರವಿವಾರ ಲಕ್ಷ್ಮೇಶ್ವರಕ್ಕೆ ಹೋದೆ. ಜಗಳ ಮಾಡಲೆಂದೇ ಹೋದೆ. ಅವಳು ನನ್ನನ್ನು ನೋಡುತ್ತಲೇ ಅತ್ತೆಯ ಕಣ್ಣು ತಪ್ಪಿಸಿ ಮಾಳಿಗೆಗೆ ಕರೆದುಕೊಂಡು ಹೋದಳು. ಅವಳ ಕಣ್ಣು ಕೆಂಪಾಗಿತ್ತು.

"ನಾ ಒಲ್ಲೆ ಅಂದೆ ಅಕ್ಕಾ. ಇದು ಅಕ್ಕಂದು ಅಂತ ಹೇಳಿದೆ. ಅವರು ಕೇಳಲಿಲ್ಲ" ಅಂದಳು.

"ಈಗರ ಗಟ್ಟ್ಯಾಗಿ ಹೇಳು. ನೀ ಒಲ್ಲೆ ಅಂದ್ರ ಕುತ್ತಿಗಿ ಹಿಡದು ಕುರ್ಚಿ ಮ್ಯಾಲ ಕುಂಡ್ರಸ್ತಾರೇನು?"

ಅವಳು ಕಿಟಕಿಯ ಹೊರಗೆ ನೋಡಿದಳು. ಮಾಳಿಗೆಯಿಂದ ದೂರದ ಎರೆ ಹೊಲ ಕಾಣುತ್ತದೆ, ಬೇಸಿಗೆಯಲ್ಲಿ ಬರೀ ಬಿರುಕು. ಆಮೇಲೆ ಹೇಳಿದಳು, "ನಮ್ಮೂರಾಗ ನಾ ಔಷಧ ಅಂಗಡ್ಯಾಗ ಕೆಲಸ ಮಾಡತಿದ್ದೆ. ನನ್ನ ಕೀಲಿಕೈ ನನ್ನ ಕಡೆ ಇತ್ತು. ಇಲ್ಲಿ ಬಂದ ಮ್ಯಾಲ ಒಬ್ಬಾಕೀನs ಬಾಗ್ಲಾ ದಾಟಿಲ್ಲ. ನಿಮಗ ಬಸ್ ಐತಿ, ಸಾಲಿ ಐತಿ, ಮನಿ ಕೀಲಿ ನಿಮ್ಮ ಕಡೆನs ಐತಿ. ನನಗ ಏನೈತಿ ಅಕ್ಕಾ? ಸಾಲಿಗೆ ಒಲ್ಲೆ ಅಂದ್ರ ಅಡಗಿಮನ್ಯಾಗs ಕುಂಡ್ರು ಅಂತಾರ."

ಅವಳು ಕೆಟ್ಟವಳಾಗಿದ್ದರೆ ನನ್ನ ಕೆಲಸ ಸುಲಭವಿತ್ತು. ಅವಳ ಮಾತಿನಲ್ಲಿ ಸುಳ್ಳು ಇರಲಿಲ್ಲ, ನನ್ನ ಉರಿಯಲ್ಲೂ ಸುಳ್ಳು ಇರಲಿಲ್ಲ. ಅವಳು ಬಾಗಿಲು ದಾಟಲು ಇದ್ದ ಒಂದೇ ಮೆಟ್ಟಿಲು ನನ್ನ ಬೆನ್ನು. ಮಜ್ಜಿಗೆಯನ್ನೂ ಕುಡಿಯದೆ ಬಸ್ಸು ಹಿಡಿದು ಬಂದುಬಿಟ್ಟೆ.

ಕೆಲಸ ಬಿಡಬೇಕಿತ್ತು ಅಂತ ಹೇಳುವವರು ಹೇಳುತ್ತಾರೆ. ಬಿಟ್ಟು ಎಲ್ಲಿಗೆ ಹೋಗಲಿ? ಮತ್ತೆ ಶಿರಹಟ್ಟಿಯ ಗುತ್ತಿಗೆಗೋ? ಈ ವಯಸ್ಸಿನಲ್ಲಿ ಇಪ್ಪತ್ತರ ಹುಡುಗಿಯರ ಸಾಲಿನಲ್ಲಿ ಕುಳಿತು ಇಂಟರ್‌ವ್ಯೂ ಕೊಡಲೋ? ಉಳಿದೆ.

ಜೂನಿನಲ್ಲಿ ಪಾಲಕರ ಸಭೆ ಆಯಿತು. ಅವಳ ಭಾಷಣ ನಾನು ಬರೆದದ್ದು. ಬೇಕೆಂದೇ ನನ್ನ ಅತ್ಯುತ್ತಮ ಶಬ್ದಗಳನ್ನು ಹಾಕಿ ಬರೆದೆ. ಕೆಟ್ಟದಾಗಿ ಬರೆಯಬಹುದಿತ್ತು, ಆದರೆ ಕೈ ಬರಲಿಲ್ಲ. ಆ ಶಬ್ದಗಳನ್ನು ನಾನು ಒಲೆಯ ಮುಂದೆ ಕುಳಿತು ಗಳಿಸಿದ್ದು, ಅವುಗಳಿಗೆ ಅವಮಾನ ಮಾಡಲು ಮನಸ್ಸಾಗಲಿಲ್ಲ. ಅವಳು ಓದಿದಳು. ಗುಟ್ ಇವ್ನಿಂಕ್ ಅಂದಳು, ಜಿಸ್ ಸ್ಕೂಲ್ ಅಂದಳು, 'ಹೌಸ್' ಅನ್ನುವಲ್ಲಿ ಗಂಟಲು ಕೆರೆದು ಖೌಸ್ ಅಂದಳು. ಸಭೆಯೆಲ್ಲ ಚಪ್ಪಾಳೆ. ನನ್ನ ಮುಂದಿನ ಸಾಲಿನಲ್ಲಿ ಕುರ್ತಕೋಟಿಯ ಒಬ್ಬ ಹಿರಿಯರು ಕುಳಿತಿದ್ದರು. ಪಕ್ಕದವರ ತೊಡೆ ತಟ್ಟಿ, "ಇಂಗ್ಲಿಷ್ ಅಂದ್ರ ಹಿಂಗಿರಬೇಕ ನೋಡ್ರಿ. ಒಂದ ಶಬ್ದಾನೂ ತಿಳೀಲಿಲ್ಲ!" ಅಂದರು. ಆಮೇಲೆ ಹಿಂದೆ ತಿರುಗಿ ನನ್ನನ್ನು ನೋಡಿ, "ಈ ಮಿಸ್ ಮಾತಾಡಿದ್ರ ಎಲ್ಲಾ ತಿಳೀತೈತಿ" ಅಂದರು. ಅದನ್ನು ಅವರು ನನ್ನ ದೋಷ ಅಂತ ಹೇಳಿದ್ದು.

ಅಣ್ಣನ ಮಗಳು ಬಂದು ನನ್ನ ಮನೆಯಲ್ಲೇ ಉಳಿದಳು. ಅವಳಿಗೆ ಮಾತು ಬಂದಾಗಿನಿಂದ ಇಂಗ್ಲಿಷ್ ಅಕ್ಷರ ತಿದ್ದಿಸಿದವಳು ನಾನು. ರಜೆಯಲ್ಲಿ ಮುಂಡರಗಿಗೆ ಹೋದಾಗಲೆಲ್ಲ ನನ್ನ ಮಡಿಲಲ್ಲಿ ಕುಳಿತು ಶಬ್ದ ಹೇಳುತ್ತಿದ್ದಳು. ಹೈಸ್ಕೂಲು ಶುರುವಾಗಿ ಕೆಲವು ವಾರದಲ್ಲಿ, ಒಂದು ಸಂಜೆ ಅವಳು ಓದುವುದನ್ನು ಕೇಳಿ, "ಜಿಸ್ ಅಲ್ಲ, ದಿಸ್ ಅನ್ನು" ಅಂದೆ.

"ಅತ್ತಿ, ನಿಂದು ಹಳ್ಳಿ ಇಂಗ್ಲಿಷು" ಅಂದಳು. "ಹೆಡ್ ಮ್ಯಾಡಮ್ ಜಿಸ್ ಅಂತಾರ. ಅವರು ಫಾರಿನ್‌ನವರು. ಅವರಿಗೆ ಗೊತ್ತಿರತೈತೋ, ನಿನಗೋ?"

ಒಳಗೆ ಹೋಗಿ ಹಿಟ್ಟು ಕಲಸಿ ರೊಟ್ಟಿ ಬಡಿಯಲು ಕುಳಿತೆ. ಅವತ್ತು ಯಾವ ಶಬ್ದವೂ ಬಾಯಿಗೆ ಬರಲಿಲ್ಲ, ಅಳು ಮಾತ್ರ ಬಂತು. ಅವಳು ಅಂದದ್ದಕ್ಕಲ್ಲ. ಅವಳ ಜಾಗದಲ್ಲಿ, ಮುಂಡರಗಿಯ ಆ ಡಿಕ್ಷನರಿಯ ಹುಡುಗಿಯಾಗಿ ನಾನಿದ್ದಿದ್ದರೂ ಅದನ್ನೇ ನಂಬುತ್ತಿದ್ದೆ ಅನ್ನಿಸಿತಲ್ಲ, ಅದಕ್ಕೆ.

ಮಳೆಗಾಲವಿಡೀ ಹಾಗೇ ಹೋಯಿತು. ನಾಳೆಯ ಪಾಠದ ಶಬ್ದಗಳನ್ನು ಬಿಳಿ ಸೊಸೆ ಸಂಜೆ ಫೋನಿನಲ್ಲಿ ಕೇಳುವಳು, ನಾನು ಕನ್ನಡದಲ್ಲಿ ಬಿಡಿಸಿ ಹೇಳುವೆನು, ಮರುದಿನ ಅವಳು ಹೇಳುವಳು, ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳುವೆನು. ಹೋಳಿಗೆಯ ಕೈಯ ಉದಾಹರಣೆಯನ್ನೂ ಅವಳು ಹೇಳಿದಳು. ಮಕ್ಕಳು ನಕ್ಕರು, ಎಷ್ಟು ಚೆನ್ನಾಗಿ ಹೇಳುತ್ತಾರೆ ಅಂತ ಕಣ್ಣರಳಿಸಿದರು. ಮೊದಮೊದಲು ಅವಳು ಕ್ಲಾಸಿನಲ್ಲಿ ನನ್ನನ್ನು ನೋಡಿದರೆ ತೊದಲುತ್ತಿದ್ದಳು. ಆಮೇಲೆ ತೊದಲು ನಿಂತಿತು. ಫೋನಿನಲ್ಲಿ ಅಕ್ಕಾ ಅನ್ನುವುದೂ ಒಂದು ದಿನ ನಿಂತಿತು. ಶಾಲೆಯಲ್ಲಿ ಮಿಸ್ ಅಂತಲೇ ಕರೆಯಬೇಕು ಅಂತ ಸಾವ್ಕಾರ್ರು ಹೇಳಿದ್ದರು, ಅದೇ ರೂಢಿಯಾಗಿ ಫೋನಿಗೂ ಬಂತು. ಅವಳ ಸೊಂಟದಲ್ಲಿ ಈಗ ಹೈಸ್ಕೂಲಿನ ಕೀಲಿಗೊಂಚಲು ಇರುತ್ತಿತ್ತು. ನಡೆದರೆ ಸದ್ದಾಗುತ್ತಿತ್ತು, ಆ ಸದ್ದು ಅವಳಿಗೆ ಇಷ್ಟವಿತ್ತು ಅಂತ ನಡಿಗೆಯಲ್ಲೇ ತಿಳಿಯುತ್ತಿತ್ತು.

ಮತ್ತೆ ದಸರಾ ಬಂತು. ಆ ಸಲ ಬನ್ನಿಯನ್ನು ಶಾಲೆಯಲ್ಲೇ ಕೊಡುವುದು ಅಂತ ಸಾವ್ಕಾರ್ರು ಎಲ್ಲರನ್ನೂ ಕರೆಸಿದರು. ಅವಳು ಮತ್ತೆ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಕೈಯಲ್ಲಿ ಬನ್ನಿ ಇತ್ತು. ನನ್ನನ್ನು ನೋಡಿ ಒಂದು ಹೆಜ್ಜೆ ಮುಂದೆ ಇಟ್ಟಳು, ಸೆರಗು ತಲೆಗೆ ಎಳೆದುಕೊಂಡಳು. ನನ್ನ ಎದೆ ಹಗುರಾಯಿತು. ಇಷ್ಟೆಲ್ಲ ಆದ ಮೇಲೂ ಅವಳು ಬಾಗಿದರೆ ನಾನು ಎಲ್ಲವನ್ನೂ ಮರೆಯುತ್ತಿದ್ದೆ, ನಿಜವಾಗಿಯೂ ಮರೆಯುತ್ತಿದ್ದೆ. ಬನ್ನಿ ಇರುವುದೇ ಅದಕ್ಕೆ.

"ಏ, ಏ!" ಅಂತ ಸಾವ್ಕಾರ್ರು ಕೈ ಅಡ್ಡ ಮಾಡಿದರು. "ಇಲ್ಲಿ ನೀ ಹೆಡ್ ಇದ್ದಿ. ನೀ ಯಾರಿಗೂ ಬಾಗಬಾರದು. ಮೊದಲ ಸ್ಟಾಫ್‌ನವರು ನಿನಗ ಕೊಡ್ಲಿ. ಬರ್ರಿ ಮಿಸ್ಸ, ನೀವs ಸೀನಿಯರ್, ನೀವs ಸುರು ಮಾಡ್ರಿ."

ಅವಳು ಹೆಜ್ಜೆ ಹಿಂದಕ್ಕೆ ತೆಗೆದುಕೊಂಡಳು. ಮಾವನ ಮಾತು ಮೀರಿ ಬಾಗುತ್ತಾಳೇನೋ ಅಂತ ನಾನು ಒಂದು ಕ್ಷಣ ಕಾದೆ. ಅವಳು ಸೆರಗನ್ನು ತಲೆಯಿಂದ ಹೆಗಲಿಗೆ ಇಳಿಸಿ, ನೆಟ್ಟಗೆ ನಿಂತು ಕೈ ಚಾಚಿದಳು. ಎಲ್ಲರೂ ನೋಡುತ್ತಿದ್ದರು, ಅಣ್ಣನ ಮಗಳೂ ನೋಡುತ್ತಿದ್ದಳು. ನನಗಿಂತ ಹತ್ತು ವರ್ಷಕ್ಕೂ ಹೆಚ್ಚು ಕಿರಿಯವಳ ಕೈಯಲ್ಲಿ ನಾನು ಬನ್ನಿ ಇಟ್ಟೆ. ತಲೆ ತಾನಾಗಿ ಬಗ್ಗಿತು. ಬಂಗಾರದಂಗ ಇರೂಣು ಅನ್ನಬೇಕಿತ್ತು, ಅನ್ನಲಿಲ್ಲ.

ಅವಳು ನನ್ನ ಮುಖ ನೋಡಿದಳು. ಅಲ್ಲಿ ಏನಿತ್ತು ಅಂತ ಅವಳಿಗೆ ತಿಳಿಯದ್ದೇನಲ್ಲ. ಅಬೀದ ಅನ್ನುವ ಆ ಶಬ್ದವನ್ನು ಅವಳೇ ನನಗೆ ತಂದು ಕೊಟ್ಟಿದ್ದಳು. ಸ್ವಲ್ಪ ಮುಂದೆ ಬಾಗಿ, ಬೇರೆ ಯಾರಿಗೂ ಕೇಳದ ಹಾಗೆ, ಮೆತ್ತಗೆ ಅಂದಳು:

"ಮನಸಿಗೆ ಹಚ್ಕೋಬ್ಯಾಡ್ರಿ ಮಿಸ್. ಹೊಂದ್ಕೊಂಡ ಹೋಗ್ಬೇಕು."

ಅತ್ತೆಯ ಬಾಯಿಂದ ಬಂದ ಹಾಗೇ ಬಂತು ಆ ಮಾತು. ಅದರಲ್ಲಿ ಮಾತ್ರ ಅವಳ ಉಚ್ಚಾರ ಎಲ್ಲೂ ತಪ್ಪಿರಲಿಲ್ಲ.